ಓದುಗರ ಪ್ರಶ್ನೆ: ಫೋನಿಂದ ಫೋನಿಗೆ ದಾಟೋ ಮಾತು ಎಷ್ಟು ಗುಟ್ಟು?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಬಹಳಷ್ಟು ಒಂದೇ ವಿಷ್ಯದ್ದು. ಇಂಟರ್ನೆಟ್ಟೂ ಬೇಡ ಟವರೂ ಬೇಡ, ಒಂದು ಫೋನಿಂದ ಇನ್ನೊಂದಕ್ಕೆ ಅಲ್ಲಿಂದ ಮತ್ತೊಂದಕ್ಕೆ ಮೆಸೇಜು ದಾಟ್ಕೊಂಡು ಹೋಗೋ ಮೆಶ್ ನೆಟ್‌ವರ್ಕ್ ಕಟ್ಟೋದು ಹೇಗೆ, ಅದ್ರಲ್ಲಿ ಆಡಿದ ಮಾತು ಗುಟ್ಟಾಗಿ ಉಳಿಯುತ್ತಾ ಅನ್ನೋದು. ಹಾಗಾಗಿ ಇಡೀ ಅಂಕಣ ಅದಕ್ಕೇ ಕೊಟ್ಟಿದ್ದೀನಿ, ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದ್ದೀನಿ.

ಪ್ರಶ್ನೆ: ನಾವು ನಾಲ್ಕು ಜನ ಇಂಜಿನಿಯರಿಂಗ್ ಕೊನೇ ವರ್ಷದವ್ರು ಸರ್, ಪ್ರಾಜೆಕ್ಟಿಗೆ ಮೆಶ್ ಚಾಟ್ ಆಪ್ ಮಾಡೋಣ ಅಂತ ಹೊರಟಿದ್ದೀವಿ. ಬ್ಲೂಟೂತ್ ತಗೊಳ್ಳೋದಾ ವೈಫೈ ಡೈರೆಕ್ಟ್ ತಗೊಳ್ಳೋದಾ ಅಂತ ಒಂದು ತಿಂಗಳಿಂದ ನಮ್ಮೊಳಗೇ ಜಗಳ. ನೀವೇ ಹೇಳಿ.

ಉತ್ತರ: ಕಮ್ಮಿ ಬ್ಯಾಟರಿ ತಿನ್ನೋ ಬ್ಲೂಟೂತ್ ಲೋ ಎನರ್ಜಿ, ಅಂದ್ರೆ ಬಿಎಲ್‌ಇ ಇಂದ ಶುರು ಮಾಡಿ. ಯಾಕೆ ಅಂತ ಹೇಳ್ತೀನಿ. ಮೆಶ್ ಅಂದ್ರೆ ಪಠ್ಯಪುಸ್ತಕದಲ್ಲಿ ಎಲ್ಲ ಫೋನೂ ಅಕ್ಕಪಕ್ಕದ ಫೋನಿನ ಜೊತೆ ಸರಿಸಮ ಮಾತಾಡೋ ಚಿತ್ರ ಇರುತ್ತೆ, ಆ ಚಿತ್ರಕ್ಕೆ ಸರಿಯಾಗಿ ಹೊಂದೋದು ವೈಫೈ ಆಡ್‌ಹಾಕ್ ಮೋಡು, ಲ್ಯಾಪ್‌ಟಾಪಲ್ಲಿ ಅದು ಬಹಳ ಹಿಂದಿನಿಂದ ಇದೆ, ಆದ್ರೆ ಆಂಡ್ರಾಯ್ಡ್ ಅದನ್ನ ಆಪ್ ಬರೆಯೋರ ಕೈಗೆ ಯಾವತ್ತೂ ಕೊಡ್ಲಿಲ್ಲ. ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯದ ಪಾಲ್ ಗಾರ್ಡ್ನರ್-ಸ್ಟೀಫನ್ ಅವ್ರು 2010ರ ಹೈಟಿ ಭೂಕಂಪ ನೋಡಿ ಸರ್ವಲ್ ಪ್ರಾಜೆಕ್ಟ್ ಅಂತ ಶುರು ಮಾಡಿದ್ರು, ಟವರ್ ಬಿದ್ರೂ ಫೋನುಗಳು ತಮ್ಮತಮ್ಮಲ್ಲೇ ಮಾತಾಡ್ಲಿ ಅಂತ. ಅವ್ರಿಗೆ ಅಡ್ಡ ಬಂದಿದ್ದೂ ಇದೇ, ಆಡ್‌ಹಾಕ್ ಬೇಕಂದ್ರೆ ಫೋನ್ ರೂಟ್ ಮಾಡ್ಬೇಕಿತ್ತು, ಅಂದ್ರೆ ಕಂಪನಿ ಹಾಕಿದ ಬೀಗ ಮುರಿದು ಫೋನಿನ ಪೂರ್ತಿ ಹಿಡಿತ ತಗೋಬೇಕಿತ್ತು, ಮನೆಮಠ ಕಳ್ಕೊಂಡು ಕೂತಿರೋ ಜನ ಫೋನ್ ರೂಟ್ ಮಾಡ್ತಾ ಕೂರ್ತಾರಾ? ಆಮೇಲೆ ಅವ್ರು ಮೆಶ್ ಎಕ್ಸ್‌ಟೆಂಡರ್ ಅಂತ ಬೇರೆ ಒಂದು ಪುಟ್ಟ ಪೆಟ್ಟಿಗೆನೇ ಮಾಡಿದ್ರು.

ವೈಫೈ ಡೈರೆಕ್ಟ್, ಅಂದ್ರೆ ಮಧ್ಯ ರೂಟರ್ ಇಲ್ದೆ ಫೋನುಗಳು ನೇರ ಸೇರೋ ವೈಫೈ, ನೋಡೋಕೆ ಚೆನ್ನಾಗಿದೆ, ವೇಗನೂ ಇದೆ. ಆದ್ರೆ ಅದ್ರಲ್ಲಿ ಒಂದು ಫೋನು ಗ್ರೂಪಿನ ಯಜಮಾನ ಆಗುತ್ತೆ, ಮಿಕ್ಕಿದ್ದೆಲ್ಲ ಅದಕ್ಕೆ ಜೋತು ಬೀಳುತ್ವೆ, ಯಜಮಾನ ಎದ್ದು ಹೋದ ಅಂದ್ರೆ ಗ್ರೂಪೇ ಚೆದುರಿ ಹೋಗುತ್ತೆ. ಒಂದೇ ಫೋನು ಎರಡು ಗ್ರೂಪಲ್ಲಿ ಒಟ್ಟಿಗೆ ಇರೋದೂ ಬಹಳಷ್ಟು ಮಾಡೆಲಲ್ಲಿ ಆಗಲ್ಲ, ಅಂದ್ಮೇಲೆ ಗ್ರೂಪಿಂದ ಗ್ರೂಪಿಗೆ ಸೇತುವೆ ಕಟ್ಟೋರು ಯಾರು? ಸಾಲದ್ದಕ್ಕೆ ಹೊಸ ಫೋನು ಸೇರೋವಾಗ ಒಪ್ಕೋತೀರಾ ಅಂತ ಪರದೆ ಮೇಲೆ ಕೇಳುತ್ತೆ, ಜೇಬಲ್ಲಿರೋ ಫೋನಿಗೆ ಯಾರು ಒಪ್ಪಿಗೆ ಒತ್ತೋದು. ಐಫೋನಲ್ಲಂತೂ ವೈಫೈ ಡೈರೆಕ್ಟ್ ಇಲ್ವೇ ಇಲ್ಲ. ಆಪಲ್ 2013ರಲ್ಲಿ ಐಓಎಸ್ 7ರ ಜೊತೆ ಮಲ್ಟಿಪಿಯರ್ ಕನೆಕ್ಟಿವಿಟಿ ಅಂತ ಕೊಡ್ತು, ಅದು ಆಪಲ್ ಸಾಧನಗಳ ಮಧ್ಯೆ ಮಾತ್ರ. ಅಕ್ಕಪಕ್ಕದ ಫೋನುಗಳನ್ನ ತಾನೇ ಹುಡುಕಿ ಮಾತಾಡೋ ವೈಫೈ ಅವೇರ್ ಅನ್ನೋದು ಇವೆಲ್ಲದಕ್ಕಿಂತ ಒಳ್ಳೇದು, ಆಂಡ್ರಾಯ್ಡಿಗೆ 2017ರಲ್ಲೇ ಬಂತು, ಆಪಲ್ಲೂ 2025ರಲ್ಲಿ ಬಾಗಿಲು ತೆಗೀತು, ಆದ್ರೆ ಒಳಗಿನ ಚಿಪ್ಪು ಒಪ್ಪಿದ್ರೆ ಮಾತ್ರ ನಡಿಯುತ್ತೆ, ಹಾಗಾಗಿ ಅದನ್ನ ಇದ್ರೆ ಬಳಸ್ಕೋ ಅನ್ನೋ ಹಾಗೆ ಎರಡನೇ ದಾರಿಯಾಗಿ ಇಟ್ಕೊಳ್ಳಿ, ಫೋಟೋ ಗೀಟೋ ಕಳಿಸೋಕೆ.

ಬಿಎಲ್‌ಇ ಹಾಗಲ್ಲ, ಹೆಚ್ಚುಕಮ್ಮಿ ಎಲ್ಲ ಫೋನಲ್ಲೂ ಇದೆ, ಐಫೋನೂ ಆಂಡ್ರಾಯ್ಡೂ ಪರಸ್ಪರ ಮಾತಾಡುತ್ವೆ, ಯಾರೂ ಒಪ್ಪಿಗೆ ಒತ್ಬೇಕಾಗಿಲ್ಲ. ಕಷ್ಟ ಏನಂದ್ರೆ ಜಾಗ ಬಹಳ ಚಿಕ್ಕದು. ಅಡ್ವರ್ಟೈಸ್‌ಮೆಂಟ್ ಅಂತ ಫೋನು ಆಗಾಗ ಕೂಗಿ ಹೇಳುತ್ತಲ್ಲ ನಾನಿಲ್ಲಿದ್ದೀನಿ ಅಂತ, ಆ ಕೂಗಿಗೆ ಹಳೇ ಪದ್ಧತಿಲಿ 31 ಬೈಟ್ ಮಾತ್ರ. ಕನ್ನಡದ ಅಕ್ಷರ ಯುಟಿಎಫ್-8ರಲ್ಲಿ, ಅಂದ್ರೆ ಫೋನು ಅಕ್ಷರಗಳನ್ನ ಬೈಟಾಗಿ ಬರೆದಿಡೋ ಪದ್ಧತಿಲಿ, ಒಂದೊಂದು ಚಿಹ್ನೆಗೆ 3 ಬೈಟ್ ತಿನ್ನುತ್ತೆ, ಒತ್ತಕ್ಷರ ಕೊಂಬು ದೀರ್ಘ ಎಲ್ಲ ಬೇರೆ ಬೇರೆ ಲೆಕ್ಕ. 'ನಾನು ಕ್ಷೇಮ' ಅಂತ ಬರೆದ್ರೇ 28 ಬೈಟ್ ಆಯ್ತು, ಅದಕ್ಕೆ ಮೆಸೇಜಿನ ಗುರುತು, ಯಾರಿಗೆ ಅನ್ನೋದು ಸೇರಿಸಿದ್ರೆ ಅಷ್ಟು ಪುಟ್ಟ ಮಾತೂ ಹಿಡಿಸಲ್ಲ. ಅದಕ್ಕೆ ಕೂಗನ್ನ ಹುಡುಕೋಕೆ ಮಾತ್ರ ಇಟ್ಕೊಂಡು ಮಾತನ್ನ ಕನೆಕ್ಷನ್ ಮಾಡ್ಕೊಂಡು ತುಂಡುತುಂಡಾಗಿ ಕಳಿಸ್ಬೇಕು. ಮೊದಲಿಗೆ ಒಂದು ತುಂಡಿಗೆ 20 ಬೈಟ್ ಮಾತ್ರ ಸಿಗುತ್ತೆ, ಎರಡೂ ಕಡೆ ಕೇಳ್ಕೊಂಡ್ರೆ ಆಂಡ್ರಾಯ್ಡಲ್ಲಿ ಎಂಟಿಯು, ಅಂದ್ರೆ ಒಂದು ತುಂಡಿನ ಗರಿಷ್ಠ ಗಾತ್ರ, 517 ಬೈಟ್ ತನಕ ಏರಿಸ್ಬೋದು, ಇದನ್ನ ಮೊದಲ ದಿನವೇ ಬರೆದಿಡಿ, ಆಮೇಲೆ ಸೇರಿಸ್ತೀವಿ ಅಂದ್ರೆ ಅರ್ಧ ಕೋಡ್ ಮತ್ತೆ ಬರೀಬೇಕಾಗುತ್ತೆ.

ಇನ್ನೊಂದು ವಿಷ್ಯ, ಐಫೋನಲ್ಲಿ ಆಪ್ ಹಿಂದಕ್ಕೆ ಹೋದ ತಕ್ಷಣ ಅದರ ಕೂಗು ಬದಲಾಗುತ್ತೆ, ಅದೇ ಸೇವೆಯನ್ನ ಹೆಸರು ಹಿಡಿದು ಹುಡುಕ್ತಿರೋ ಇನ್ನೊಂದು ಆಪಲ್ ಸಾಧನಕ್ಕೆ ಮಾತ್ರ ಅದು ಸಿಗುತ್ತೆ. ಅಂದ್ರೆ ಪರದೆ ಆರಿ ಜೇಬಿಗೆ ಹೋದ ಐಫೋನು ಪಕ್ಕದ ಆಂಡ್ರಾಯ್ಡಿನ ಪಾಲಿಗೆ ಇಲ್ಲದ ಹಾಗೇನೇ. ಆಂಡ್ರಾಯ್ಡಲ್ಲಿ 2015ರಿಂದ ಡೋಜ್ ಅಂತ ಬ್ಯಾಟರಿ ಉಳಿಸೋ ವ್ಯವಸ್ಥೆ ಇದೆ, ನೋಟಿಫಿಕೇಶನ್ ತೋರಿಸ್ಕೊಂಡು ಫೋರ್‌ಗ್ರೌಂಡ್ ಸರ್ವಿಸ್ ಓಡಿಸ್ದೆ ಇದ್ರೆ ಆಪ್ ನಿದ್ದೆಗೆ ಜಾರುತ್ತೆ. ಡೆಮೋ ದಿನ ಎಲ್ರ ಪರದೆನೂ ಬೆಳಗ್ತಿರುತ್ತೆ, ಎಲ್ಲ ಸರಿ ಇರುತ್ತೆ. ಮಾರನೇ ದಿನ ನಿಜವಾದ ಜನರ ಜೇಬಲ್ಲಿ ಆಪ್ ಸತ್ತಿರುತ್ತೆ. ಜೇಬಲ್ಲಿಟ್ಟು ಪರೀಕ್ಷೆ ಮಾಡಿ ದಯವಿಟ್ಟು.

ಪ್ರಶ್ನೆ: ಇದು ಎಷ್ಟು ದೂರ ಹೋಗುತ್ತೆ? ಊರಿಡೀ ಮುಟ್ಟಿಸ್ಬೋದಾ?

ಉತ್ತರ: ಬ್ಲೂಟೂತು ಕೈಯಲ್ಲಿ ಹಿಡಿದ ಫೋನಿಂದ ಕೈಯಲ್ಲಿ ಹಿಡಿದ ಫೋನಿಗೆ 10ರಿಂದ 30 ಮೀಟರ್ ಅಂತ ಇಟ್ಕೊಳ್ಳಿ, ಬಯಲಾದ್ರೆ ಇನ್ನೂ ಸ್ವಲ್ಪ. ಅದು ಬಳಸೋದು 2.4 ಗಿಗಾಹರ್ಟ್ಸ್ ತರಂಗ, ನೀರು ಅದನ್ನ ಹೀರ್ಕೊಳ್ಳುತ್ತೆ, ಮನುಷ್ಯನ ಮೈಯಲ್ಲಿ ಬಹುಪಾಲು ನೀರೇ, ಹಾಗಾಗಿ ಕಿಕ್ಕಿರಿದ ಗುಂಪಲ್ಲಿ ಫೋನುಗಳೂ ಜಾಸ್ತಿ ಅಡ್ಡ ಬರೋ ಮೈಗಳೂ ಜಾಸ್ತಿ. ನಾನು ಒಂದ್ಸಲ ಹತ್ತು ಜನ ಗೆಳೆಯರನ್ನ ಒಂದು ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ ನೋಡಿದ್ದೆ, ಫೋನು ಕೈಯಲ್ಲಿದ್ದಾಗ ಸಲೀಸಾಗಿ ದಾಟ್ತಿದ್ದ ಮೆಸೇಜು, ಎಲ್ರೂ ಹಿಂದಿನ ಜೇಬಿಗೆ ಹಾಕ್ಕೊಂಡು ಒಂದೇ ಕಡೆ ತಿರುಗಿ ನಿಂತಾಗ ಮೂರನೇ ಮನುಷ್ಯನ ಹತ್ರ ನಿಂತೇ ಹೋಯ್ತು.

ಈಗ ಲೆಕ್ಕ ಹಾಕಿ. ಟ್ವಿಟರ್ ಕಟ್ಟಿದವರಲ್ಲಿ ಒಬ್ರಾದ ಜ್ಯಾಕ್ ಡಾರ್ಸಿ 2025ರ ಜುಲೈಯಲ್ಲಿ ಬಿಟ್ಟ ಮೆಶ್ ಚಾಟ್ ಆಪ್ ಬಿಟ್‌ಚಾಟಲ್ಲಿ ಒಂದು ಮೆಸೇಜು ಹೆಚ್ಚಂದ್ರೆ 7 ಸಲ ಜಿಗೀಬೋದು. ಒಂದು ಜಿಗಿತಕ್ಕೆ 20 ಮೀಟರ್ ಹಿಡಿದ್ರೂ 140 ಮೀಟರ್ ಆಯ್ತು, ಅದೂ ಪ್ರತಿ 20 ಮೀಟರಿಗೆ ಅದೇ ಆಪ್ ಓಡ್ತಿರೋ ಒಬ್ಬ ಮನುಷ್ಯ ನಿಂತಿರ್ಬೇಕು. ಸಭೆ, ಕಾಲೇಜಿನ ಆವರಣ, ನಿಂತು ಹೋದ ರೈಲು, ಇಂಥ ಕಡೆ ಇದು ನಡಿಯುತ್ತೆ. ಊರಿಡೀ ಅಂದ್ರೆ ಜಿಗಿತದಿಂದ ಆಗಲ್ಲ, ಕಾಲಿಂದ ಆಗ್ಬೇಕು.

ಕಾಲಿಂದ ಅಂದ್ರೆ ನಿಜವಾಗ್ಲೂ ಕಾಲಿಂದನೇ. ನಿಮ್ಮ ಮೆಸೇಜು ನನ್ನ ಫೋನಲ್ಲಿ ಕೂತಿರುತ್ತೆ, ನಾನು ಆಚೆ ಬೀದಿಗೆ ಹೋಗ್ತೀನಿ, ಅಲ್ಲಿ ಸಿಕ್ಕ ಫೋನಿಗೆ ಅದು ದಾಟುತ್ತೆ, ಅವ್ರು ಇನ್ನೊಂದು ಕಡೆ ಹೋಗ್ತಾರೆ, ಹಿಂದೆ ಓಲೆ ಹೊತ್ಕೊಂಡು ಹೋಗ್ತಿದ್ರಲ್ಲ ಹಾಗೆ. ಡ್ಯೂಕ್ ವಿಶ್ವವಿದ್ಯಾಲಯದ ವಾಹ್ದತ್ ಮತ್ತೆ ಬೆಕರ್ ಅನ್ನೋರು 2000ದಲ್ಲೇ ಇದನ್ನ ಎಪಿಡೆಮಿಕ್ ರೂಟಿಂಗ್ ಅಂತ ಬರೆದ್ರು, ಸಾಂಕ್ರಾಮಿಕ ರೋಗ ಹರಡೋ ಹಾಗೆ ಭೇಟಿಯಾದೋರಿಗೆಲ್ಲ ಒಂದು ಪ್ರತಿ ಕೊಡೋದು. ಮುಟ್ಟೋದೇನೋ ಮುಟ್ಟುತ್ತೆ ಆದ್ರೆ ಎಲ್ರ ಫೋನೂ ಎಲ್ರ ಮೆಸೇಜಿಂದ ತುಂಬಿ ಹೋಗುತ್ತೆ, ಅದಕ್ಕೆ 2005ರಲ್ಲಿ ಸ್ಪ್ರೇ ಅಂಡ್ ವೇಟ್ ಅಂತ ಬಂತು, ಒಂದು ಮೆಸೇಜಿಗೆ ಇಷ್ಟೇ ಪ್ರತಿ ಅಂತ ಮೊದಲೇ ಗೆರೆ ಎಳೆದು, ಅಷ್ಟು ಹಂಚಿ ಆದ್ಮೇಲೆ ಆ ಪ್ರತಿ ಹಿಡಿದೋರು ನೇರ ಸೇರಬೇಕಾದೋರೇ ಸಿಗೋ ತನಕ ಕಾಯೋದು. ನನ್ನ ಕೇಳಿದ್ರೆ ಫೋನಿನ ಮೆಶ್ಶಿಗೆ ಇದೇ ಸರಿಯಾದ ದಾರಿ. ಮೆಸೇಜು ಒಂದು ಸೆಕೆಂಡಿಗೆ ಬರ್ಲಿ ಅನ್ನೋ ಆಸೆ ಬಿಡಿ, ಸಂಜೆಯೊಳಗೆ ಬಂದ್ರೂ ಬಂತಲ್ಲ ಅನ್ನೋ ಮಾತಿಗೆ ಇದು ಸರಿಯಾಗುತ್ತೆ.

ಪ್ರಶ್ನೆ: ನನ್ನ ಗೆಳೆಯ ಹೇಳ್ತಾನೆ, ಮಧ್ಯ ಸರ್ವರ್ರೇ ಇಲ್ಲ ಅಂದ್ಮೇಲೆ ಯಾರೂ ಓದೋಕೆ ಆಗಲ್ಲ, ಮೆಶ್ ಅಂದ್ರೆ ತಾನಾಗೇ ಪ್ರೈವೇಟ್ ಅಂತ. ಹೌದಾ?

ಉತ್ತರ: ಅಲ್ಲ. ಈ ಅಂಕಣದಲ್ಲಿ ಒಂದೇ ಉತ್ತರ ಓದ್ತೀರ ಅಂದ್ರೆ ಇದನ್ನ ಓದಿ, ಯಾಕಂದ್ರೆ ಈ ತಪ್ಪು ತಿಳುವಳಿಕೆಯಿಂದ ಜನರಿಗೆ ನಿಜವಾಗ್ಲೂ ಅಪಾಯ ಆಗುತ್ತೆ.

ಸರ್ವರ್ ಹೋಯ್ತು ಅಂದ್ರೆ ಸರ್ವರ್ ಮಾಡ್ತಿದ್ದ ಕೆಲಸ ಹೋಗ್ಲಿಲ್ಲ, ಅದು ನಿಮ್ಮ ಪಕ್ಕ ನಿಂತಿರೋ ಗುರುತಿಲ್ಲದ ಮನುಷ್ಯನ ಜೇಬಿಗೆ ಬಂತು. ಮೊದಲು ಒಂದು ಕಂಪನಿ ಮೇಲೆ ನಂಬಿಕೆ ಇಡ್ಬೇಕಿತ್ತು, ಈಗ ದಾರಿಲಿ ಸಿಗೋ ಪ್ರತಿ ಫೋನಿನ ಮೇಲೆ ಇಡ್ಬೇಕು, ಇಲ್ಲಾಂದ್ರೆ ಯಾರ ಮೇಲೂ ನಂಬಿಕೆ ಬೇಡದ ಹಾಗೆ ಮೆಸೇಜಿಗೇ ಬೀಗ ಹಾಕ್ಬೇಕು. ಎರಡನೇದು ಮಾಡ್ದೆ ಇದ್ರೆ ಮೆಶ್ಶು ವಾಟ್ಸಾಪಿಗಿಂತ ಕಡೆ.

ನಡೆದಿರೋದೇ ನೋಡಿ. ಫೈರ್‌ಚಾಟ್ ಅಂತ ಒಂದು ಆಪ್ 2014ರ ಮಾರ್ಚಲ್ಲಿ ಬಂತು, ಅದೇ ವರ್ಷ ಹಾಂಗ್‌ಕಾಂಗಲ್ಲಿ ಜನ ಬೀದಿಗಿಳಿದಾಗ ನೆಟ್ ಕಡಿದು ಹೋಗ್ಬೋದು ಅನ್ನೋ ಭಯಕ್ಕೆ ಲಕ್ಷಗಟ್ಟಲೆ ಜನ ಹಾಕ್ಕೊಂಡ್ರು. ಆವಾಗ ಅದ್ರಲ್ಲಿ ಇದ್ದಿದ್ದು ಬರೀ ಬಹಿರಂಗ ಕೋಣೆಗಳು, ಯಾರು ಬೇಕಾದ್ರೂ ಒಳಗೆ ಬಂದು ಓದ್ಬೋದಿತ್ತು, ಗುಟ್ಟಿನ ಮೆಸೇಜು ಅಂತ ಬಂದಿದ್ದು 2015ರಲ್ಲಿ. ಆಮೇಲೆ 2019ರಲ್ಲಿ ಅದೇ ಊರಲ್ಲಿ ಬ್ರಿಜ್‌ಫೈ ಅನ್ನೋ ಆಪ್ ಹಬ್ಬಿತು. 2020ರ ಆಗಸ್ಟಲ್ಲಿ ಲಂಡನ್ನಿನ ರಾಯಲ್ ಹಾಲೋವೇ ಕಾಲೇಜಿನ ಸಂಶೋಧಕರು ಅದನ್ನ ಬಿಚ್ಚಿ ನೋಡಿದ್ರೆ, ಬೇರೆಯವರ ಹೆಸರಲ್ಲಿ ಮೆಸೇಜ್ ಕಳಿಸ್ಬೋದು, ಯಾರು ಯಾರ ಜೊತೆ ಮಾತಾಡ್ತಿದ್ದಾರೆ ಅಂತ ಪಟ್ಟಿ ಮಾಡ್ಬೋದು, ಗುಟ್ಟಿನ ಮೆಸೇಜನ್ನೂ ಬಿಡಿಸಿ ಓದ್ಬೋದು, ಕೊನೆಗೆ ಬಿಚ್ಚಿದ್ರೆ ವಿಪರೀತ ಊದ್ಕೊಳ್ಳೋ ಒಂದೇ ಒಂದು ಕುತಂತ್ರದ ಜಿಪ್ ಮೆಸೇಜು ಬಿಟ್ಟು ಇಡೀ ನೆಟ್‌ವರ್ಕನ್ನೇ ಮಲಗಿಸ್ಬೋದು ಅಂತ ಗೊತ್ತಾಯ್ತು. ಬಿಡಿಸಿ ಓದೋಕೆ ಬಳಸಿದ ಉಪಾಯ ಎಲ್ಲಿಂದ ಬಂತು ಗೊತ್ತಾ, 1998ರಲ್ಲೇ ಬ್ಲೈಖೆನ್‌ಬಾಖರ್ ಅನ್ನೋರು ತೋರಿಸ್ಕೊಟ್ಟಿದ್ದ ಆರ್‌ಎಸ್‌ಎ ಅನ್ನೋ ಬೀಗದ ಪದ್ಧತಿಲಿ ಮೆಸೇಜಿಗೆ ತುಂಬೋ ಪ್ಯಾಡಿಂಗಿನ ದೋಷದ ಜಾತಿನೇ ಅದು. ಇಪ್ಪತ್ತು ವರ್ಷದ ಹಿಂದಿನ ಪಾಠ.

ಬ್ರಿಜ್‌ಫೈಯವ್ರು ಸುಮ್ಮನೆ ಕೂರಲಿಲ್ಲ, ಅದೇ ವರ್ಷ ಗುಟ್ಟಿನ ಮೆಸೇಜಿಗೆ ಹೆಸರಾದ ಸಿಗ್ನಲ್ ಆಪಿನ ಪ್ರೋಟೋಕಾಲಿನ ಲೈಬ್ರರಿ, ಅಂದ್ರೆ ತಯಾರಿರೋ ಕೋಡು, ತಂದು ಒಳಗೆ ಹಾಕಿದ್ರು. ಎಲ್ರೂ ಸರಿಹೋಯ್ತು ಅಂದ್ಕೊಂಡ್ರು. 2022ರಲ್ಲಿ ಮತ್ತೆ ನೋಡಿದಾಗ ಮತ್ತೆ ದೋಷಗಳು, ಒಳ್ಳೇ ಲೈಬ್ರರಿ ತಂದ ಮಾತ್ರಕ್ಕೆ ಸಾಲಲ್ಲ ಅಂತ ಆ ಪ್ರಬಂಧದ ತಲೆಬರಹದಲ್ಲೇ ಇತ್ತು. ಒಳ್ಳೇ ಬೀಗ ತಂದು ಬಾಗಿಲಿನ ಚೌಕಟ್ಟೇ ಸಡಿಲ ಇದ್ರೆ ಹೇಗೋ ಹಾಗೆ. ಬಿಟ್‌ಚಾಟ್ ಬಂದಾಗ್ಲೂ ಕೆಲವೇ ದಿನದಲ್ಲಿ ಒಬ್ರು ಭದ್ರತಾ ಸಂಶೋಧಕರು ಬೇರೆಯವರ ಗುರುತು ಹಾಕ್ಕೊಂಡು ನಂಬಿಸ್ಬೋದು ಅಂತ ತೋರಿಸಿದ್ರು, ಆಮೇಲೆ ಅದರ ಪುಟದಲ್ಲಿ ಇದಿನ್ನೂ ಹೊರಗಿನವರ ಭದ್ರತಾ ಪರಿಶೀಲನೆ ಆಗಿಲ್ಲ ಅಂತ ಎಚ್ಚರಿಕೆ ಹಾಕಿದ್ರು. ಆ ಎಚ್ಚರಿಕೆ ಹಾಕೋ ಪ್ರಾಮಾಣಿಕತೆ ನನಗೆ ಇಷ್ಟ ಆಯ್ತು, ನೀವು ಮಾಡೋ ಆಪಲ್ಲೂ ಹಾಕಿ.

ಪ್ರಶ್ನೆ: ಹಾಗಾದ್ರೆ ಎನ್‌ಕ್ರಿಪ್ಷನ್ ಅನ್ನೋ ಬೀಗ ಸರಿಯಾಗಿ ಹಾಕೋದು ಹೇಗೆ ಮೇಷ್ಟ್ರೇ? ಲೈಬ್ರರಿ ಇದ್ರೂ ಎಲ್ಲಿ ಎಡವ್ತಾರೆ?

ಉತ್ತರ: ಎಡವೋದು ಪರಿಚಯದಲ್ಲಿ. ನಾನು ನಿಮಗೆ ಬರೀತಿದ್ದೀನಿ ಅಂದ್ರೆ ಮೆಸೇಜಿಗೆ ಬೀಗ ಹಾಕೋ ಈ ಕೀ ನಿಮ್ಮದೇ ಅಂತ ನನಗೆ ಹೇಗೆ ಗೊತ್ತು? ಸರ್ವರ್ ಇರೋ ಆಪಲ್ಲಿ ಫೋನ್ ನಂಬರ್ ಹಿಡ್ಕೊಂಡು ಸರ್ವರ್ರೇ ಕೀ ತಂದುಕೊಡುತ್ತೆ. ಮೆಶ್ಶಲ್ಲಿ ಆ ಮಧ್ಯಸ್ಥ ಇಲ್ಲ, ಗಾಳಿಲಿ ಬಂದ ಕೀಯನ್ನ ನಂಬಿದ್ರೆ ಮಧ್ಯ ನಿಂತಿರೋನು ತನ್ನ ಕೀಯನ್ನ ನಿಮ್ಮ ಹೆಸರಲ್ಲಿ ಕೊಡ್ತಾನೆ, ಎರಡೂ ಕಡೆ ಎನ್‌ಕ್ರಿಪ್ಷನ್ ಚೆನ್ನಾಗೇ ನಡಿಯುತ್ತೆ, ಅವ್ನೂ ಚೆನ್ನಾಗೇ ಓದ್ಕೋತಾನೆ. ಅದಕ್ಕೆ ಉಪಾಯ ಹಳೇದೇ, ಮುಖಾಮುಖಿ ಭೇಟಿಯಾಗಿ ಒಬ್ಬರ ಪರದೆ ಇನ್ನೊಬ್ರು ಕ್ಯೂಆರ್ ಸ್ಕ್ಯಾನ್ ಮಾಡೋದು. ಬ್ರೈಯರ್ ಅನ್ನೋ ಆಪ್ ಈ ದಾರಿ ಹಿಡಿದಿದೆ, 2018ರಲ್ಲಿ ಮೊದಲ ಪೂರ್ಣ ಆವೃತ್ತಿ ಬಂತು, ಅದಕ್ಕೂ ಮೊದಲೇ 2017ರಲ್ಲಿ ಕ್ಯೂರ್53 ಅನ್ನೋ ಸಂಸ್ಥೆ ಕೈಲಿ ಪರಿಶೀಲನೆ ಮಾಡಿಸಿದ್ರು. ಅದು ಬ್ಲೂಟೂತ್, ವೈಫೈ, ನೆಟ್ ಇದ್ದಾಗ ಯಾರು ಎಲ್ಲಿಂದ ಅನ್ನೋದನ್ನ ಮರೆಮಾಡೋ ಟಾರ್ ಜಾಲ, ಮೂರರ ಮೇಲೂ ಓಡುತ್ತೆ, ಮೆಸೇಜು ಪರಿಚಯ ಮಾಡ್ಕೊಂಡೋರ ಮಧ್ಯೆ ಮಾತ್ರ ಹೋಗುತ್ತೆ, ಗುರುತಿಲ್ಲದೋರ ಫೋನಿನ ಮೇಲೆ ಜಿಗಿಯೋದೇ ಇಲ್ಲ. ಅದರಿಂದ ದೂರ ಕಮ್ಮಿ ಆಗುತ್ತೆ, ನಿಜ. ಆದ್ರೆ ಜೀವಕ್ಕೆ ಕುತ್ತು ಇರೋ ಕಡೆ ನಾನು ದೂರಕ್ಕಿಂತ ಅದನ್ನೇ ಆರಿಸ್ಕೋತೀನಿ.

ಎರಡನೇ ಎಡವು ಫಾರ್ವರ್ಡ್ ಸೀಕ್ರೆಸಿ, ಅಂದ್ರೆ ನಾಳೆ ಫೋನ್ ಯಾರದ್ದೋ ಕೈಗೆ ಸಿಕ್ಕಿ ಕೀ ಹೋದ್ರೂ ನಿನ್ನೆಯ ಮೆಸೇಜು ಬಿಚ್ಚಕೂಡದು. ಮೆಶ್ಶಲ್ಲಿ ಇದು ಇನ್ನೂ ಮುಖ್ಯ, ಯಾಕಂದ್ರೆ ಬೀಗ ಹಾಕಿದ ನಿಮ್ಮ ಮೆಸೇಜಿನ ಪ್ರತಿಗಳು ಹತ್ತಾರು ಜನರ ಫೋನಲ್ಲಿ ಬಿದ್ದಿರುತ್ವೆ, ಯಾರೋ ಎಲ್ಲ ಸೇರಿಸಿಟ್ಕೊಂಡು ಕಾಯ್ತಾ ಕೂರ್ಬೋದು. ಸಿಗ್ನಲ್ ಇದನ್ನ ಪ್ರೀ-ಕೀ ಅಂತ ಸರ್ವರಲ್ಲಿ ಒಂದಷ್ಟು ಕೀ ಇಟ್ಟು ಸಾಧಿಸುತ್ತೆ. ನಮ್ಮ ಹತ್ರ ಸರ್ವರ್ ಇಲ್ಲ. ನಾಯ್ಸ್ ಪ್ರೋಟೋಕಾಲ್ ಥರದ ಹಸ್ತಲಾಘವಕ್ಕೆ, ಅಂದ್ರೆ ಎರಡು ಫೋನು ಮಾತಿಗೆ ಮೊದಲು ಕೀ ಹೊಂದಿಸ್ಕೊಳ್ಳೋದಕ್ಕೆ, ಇಬ್ರೂ ಆ ಕ್ಷಣ ಎದುರುಬದುರು ಇರ್ಬೇಕು, ನಾಲ್ಕು ಗಂಟೆ ತಡವಾಗಿ ಕಾಲ್ನಡಿಗೇಲಿ ಬರೋ ಮೆಸೇಜಿಗೆ ಅದು ಒಗ್ಗಲ್ಲ. ದಾರಿ ಎರಡು ಇವೆ. ಕ್ಯೂಆರ್ ಸ್ಕ್ಯಾನ್ ಮಾಡೋ ಹೊತ್ತಲ್ಲೇ ಮುಂದಕ್ಕೆ ಬೇಕಾಗೋ ಕೀಗಳ ಒಂದು ಕಟ್ಟನ್ನೂ ಕೊಟ್ಟು ತಗೊಂಡು ಮಾಡ್ಬಿಡೋದು ಒಂದು. ಬ್ರೈಯರ್ ಮಾಡೋ ಹಾಗೆ ಮೊದಲ ಗುಟ್ಟನ್ನ ಹಂಚ್ಕೊಂಡು, ಕಾಲ ಉರುಳಿದ ಹಾಗೆ ಎರಡೂ ಫೋನು ತಾವ್ತಾವೇ ಹೊಸ ಕೀ ಹುಟ್ಟಿಸಿ ಹಳೇದನ್ನ ಅಳಿಸ್ತಾ ಹೋಗೋದು ಇನ್ನೊಂದು. ಎರಡನೇದ್ರಲ್ಲಿ ಎರಡೂ ಫೋನಿನ ಗಡಿಯಾರ ಸುಮಾರಾಗಿ ಹೊಂದಿರ್ಬೇಕು, ನೆಟ್ ಇಲ್ಲದ ಫೋನಿನ ಗಡಿಯಾರ ನಿಧಾನಕ್ಕೆ ಜಾರುತ್ತೆ, ಅದಕ್ಕೆ ಹಿಂದಿನ ಮುಂದಿನ ಅವಧಿಯ ಕೀನೂ ಸ್ವಲ್ಪ ಹೊತ್ತು ಇಟ್ಕೊಂಡಿರಿ.

ಸ್ವಂತ ಗೂಢಲಿಪಿ ಮಾತ್ರ ಬರೆಯೋಕೆ ಹೋಗ್ಬೇಡಿ.

ಪ್ರಶ್ನೆ: ಮೆಸೇಜಿನ ಒಳಗೆ ಏನಿದೆ ಗೊತ್ತಾಗಲ್ಲ ಸರಿ, ನಾನು ಅಲ್ಲಿದ್ದೆ ಅನ್ನೋದೇ ಗೊತ್ತಾಗ್ಬಾರ್ದು ಅಂದ್ರೆ?

ಉತ್ತರ: ಬಹಳ ಸರಿಯಾದ ಪ್ರಶ್ನೆ, ಬಹಳ ಕಷ್ಟದ ಪ್ರಶ್ನೆನೂ ಹೌದು. ರೇಡಿಯೋ ಅಂದ್ರೆ ಕೂಗು, ಕೂಗಿದೋನು ಅಡಗೋದು ಹೇಗೆ? ನಿಮ್ಮ ಫೋನು ಈ ಆಪಿನ ಸೇವೆಯ ಗುರುತನ್ನ ಕೂಗ್ತಿದ್ರೆ, ಹತ್ತು ಮೀಟರ್ ದೂರದಲ್ಲಿ ಒಂದು ಅಗ್ಗದ ರಿಸೀವರ್ ಹಿಡಿದು ನಿಂತೋನಿಗೆ ಇಲ್ಲಿ ಒಬ್ಬ ಮೆಶ್ ಬಳಸೋನು ಇದ್ದಾನೆ ಅಂತ ಗೊತ್ತಾಗೇ ಆಗುತ್ತೆ. ಒಳಗಿನ ಮಾತು ಗೊತ್ತಾಗದಿದ್ರೂ.

ಮಾಡೋಕಾಗೋದು ಏನಂದ್ರೆ ನಿನ್ನೆ ಕೂಗಿದೋನೂ ಇವತ್ತು ಕೂಗಿದೋನೂ ಒಬ್ನೇ ಅಂತ ಜೋಡಿಸೋಕೆ ಆಗದ ಹಾಗೆ ನೋಡ್ಕೊಳ್ಳೋದು. ಇದಕ್ಕೆ ಒಳ್ಳೇ ಮಾದರಿ 2020ರಲ್ಲಿ ಆಪಲ್ಲೂ ಗೂಗಲ್ಲೂ ಸೇರಿ ಕೋವಿಡ್ ಸಂಪರ್ಕ ಎಚ್ಚರಿಕೆಗೆ ಮಾಡಿದ ವ್ಯವಸ್ಥೆ, ಫೋನು ಕೂಗೋ ಗುರುತು 10ರಿಂದ 20 ನಿಮಿಷಕ್ಕೊಂದ್ಸಲ ಬದಲಾಗ್ತಿತ್ತು, ಅದರ ಜೊತೆಗೇ ಬ್ಲೂಟೂತ್ ವಿಳಾಸನೂ ಬದಲಾಗ್ತಿತ್ತು. ಜೊತೆಗೇ ಅನ್ನೋದನ್ನ ಗಮನಿಸಿ. ವಿಳಾಸ ಬದಲಾಗಿ ಆಪಿನ ಗುರುತು ಅದೇ ಉಳಿದ್ರೆ ಅಥವಾ ಅಡ್ಡಹೆಸರು ಹಾಗೇ ಗಾಳಿಲಿ ಹೋಗ್ತಿದ್ರೆ ಎಲ್ಲ ಮಾಡಿದ್ದೂ ನೀರಲ್ಲಿ ಹೋಮ. ಇಂಥದ್ದು ನಾನೇ ನೋಡಿದ್ದೀನಿ, ಒಳಗೆಲ್ಲ ಚೆನ್ನಾಗಿ ಎನ್‌ಕ್ರಿಪ್ಟ್ ಮಾಡಿ, ಹುಡುಕೋಕೆ ಸುಲಭ ಆಗ್ಲಿ ಅಂತ ಬಳಕೆದಾರರ ಹೆಸರನ್ನ ಮಾತ್ರ ತೆರೆದು ಕೂಗ್ತಿದ್ದ ಆಪು. ಇನ್ನು ಮೆಸೇಜಿನ ಮೇಲೆ ಯಾರಿಗೆ ಅಂತ ವಿಳಾಸ ಬರೀಬೇಡಿ, ಎಲ್ಲ ಮೆಸೇಜನ್ನೂ ಒಂದೇ ಉದ್ದಕ್ಕೆ ತುಂಬಿಸಿ, ಬಂದ ಪ್ರತಿಯೊಂದನ್ನೂ ನಿಮ್ಮ ಫೋನು ತನ್ನ ಕೀ ಹಾಕಿ ನೋಡ್ಲಿ, ತೆರೆದ್ರೆ ತನ್ನದು, ಇಲ್ಲಾಂದ್ರೆ ದಾಟಿಸೋದು. ಕೆಲವು ನೂರು ಮೆಸೇಜಿಗೆ ಇವತ್ತಿನ ಫೋನಿಗೆ ಇದೇನೂ ಭಾರ ಅಲ್ಲ.

ಆಮೇಲೆ ಫೋನೇ ಕಿತ್ಕೊಂಡ್ರೆ ಅನ್ನೋದು. ಬಹಳ ಜನರ ಪಾಲಿಗೆ ಗಾಳಿಲಿ ಕದಿಯೋದಕ್ಕಿಂತ ಇದೇ ನಿಜವಾದ ಅಪಾಯ. ಫೋನೊಳಗಿನ ಡೇಟಾಬೇಸಿಗೆ ಪಾಸ್‌ವರ್ಡ್ ಇರ್ಲಿ, ಮೆಸೇಜಿಗೆ ಆಯಸ್ಸಿರ್ಲಿ, ತಕ್ಷಣ ಎಲ್ಲ ಅಳಿಸೋ ದಾರಿ ಇರ್ಲಿ, ಬಿಟ್‌ಚಾಟಲ್ಲಿ ಮೇಲಿನ ಹೆಸರಿನ ಮೇಲೆ ಮೂರು ಸಲ ಒತ್ತಿದ್ರೆ ಎಲ್ಲ ಹೋಗುತ್ತೆ, ಇದು ಚೆನ್ನಾಗಿದೆ.

ಪ್ರಶ್ನೆ: ಬ್ಯಾಟರಿ ಬೇಗ ಮುಗಿಯಲ್ವಾ? ಆಪ್ ಹಾಕಿದ್ರೆ ಲೊಕೇಶನ್ ಬೇರೆ ಕೇಳುತ್ತೆ, ಭಯ ಆಗುತ್ತೆ.

ಉತ್ತರ: ಸದಾ ಸ್ಕ್ಯಾನ್ ಮಾಡ್ತಿದ್ರೆ ಮುಗಿಯುತ್ತೆ. ಕೆಲವು ಸೆಕೆಂಡ್ ಕೇಳಿ ಒಂದಷ್ಟು ಹೊತ್ತು ಮಲಗೋ ಹಾಗೆ ಮಾಡಿದ್ರೆ ಬಹಳ ಉಳಿಯುತ್ತೆ, ಚಾರ್ಜು ಕಮ್ಮಿ ಆದ ಹಾಗೆ ಮಲಗೋ ಹೊತ್ತು ಜಾಸ್ತಿ ಮಾಡ್ಬೇಕು, ತಡ ಆಗೋದನ್ನ ಒಪ್ಕೋಬೇಕು. ಲೊಕೇಶನ್ ಕೇಳೋದು ಆಪಿನವರ ದುರಾಸೆನೇ ಅಂತಲ್ಲ, ಬ್ಲೂಟೂತ್ ಸ್ಕ್ಯಾನಿಂದ ಜಾಗ ಊಹಿಸ್ಬೋದು ಅಂತ ಹಳೇ ಆಂಡ್ರಾಯ್ಡಲ್ಲಿ ಆ ಅನುಮತಿ ಇಲ್ದೆ ಸ್ಕ್ಯಾನೇ ಆಗ್ತಿರ್ಲಿಲ್ಲ. ಆಂಡ್ರಾಯ್ಡ್ 12ರಿಂದ ಹತ್ತಿರದ ಸಾಧನಗಳು ಅಂತ ಬೇರೆ ಅನುಮತಿ ಬಂದಿದೆ, ಹೊಸ ಫೋನಲ್ಲೂ ಲೊಕೇಶನ್ನೇ ಕೇಳೋ ಮೆಶ್ ಆಪ್ ಇದ್ರೆ ಯಾಕೆ ಅಂತ ಕೇಳಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ನೆರೆ, ಭೂಕಂಪ ಆದಾಗ ಟವರ್ ಹೋಗ್ತವೆ, ಆಗ ಈ ಆಪುಗಳಿಂದ ಜನರಿಗೆ ಉಪಯೋಗ ಉಂಟೇ? ನಮ್ಮಂಥವರು ಏನು ಮಾಡಬಹುದು?

ಉತ್ತರ: ಉಂಟು ಸರ್, ಆದ್ರೆ ಮೊದಲೇ ಮಾಡಿಟ್ಕೊಂಡಿದ್ರೆ ಮಾತ್ರ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡೋಕಾಗಲ್ಲ ಅನ್ನೋ ಗಾದೆ ಇದಕ್ಕೇ ಹುಟ್ಟಿದ ಹಾಗಿದೆ, ನೆಟ್ ಹೋದ್ಮೇಲೆ ಆಪ್ ಇಳಿಸ್ಕೊಳ್ಳೋದು ಎಲ್ಲಿಂದ? ಬ್ರೈಯರಲ್ಲಿ ಒಂದು ಒಳ್ಳೇ ವ್ಯವಸ್ಥೆ ಇದೆ, ನಿಮ್ಮ ಫೋನೇ ಹಾಟ್‌ಸ್ಪಾಟ್ ಆಗಿ ಪಕ್ಕದೋರಿಗೆ ನೆಟ್ ಇಲ್ದೇನೇ ಆಪ್ ಕೊಡ್ಬೋದು. ಹಾಗಿದ್ರೂ ಕೀ ಪರಿಚಯ ಮಾಡ್ಕೊಳ್ಳೋದು, ವಯಸ್ಸಾದೋರಿಗೆ ಕೈ ಹಿಡಿದು ಕಲಿಸೋದು, ಇವೆಲ್ಲ ನೆಮ್ಮದಿ ದಿನಗಳಲ್ಲೇ ಆಗ್ಬೇಕು, ಅದನ್ನ ನಿಮ್ಮಂಥ ಮೇಷ್ಟ್ರಿಗಿಂತ ಚೆನ್ನಾಗಿ ಯಾರು ಮಾಡ್ತಾರೆ. ನೆರೆಹೊರೆಯ ಹತ್ತು ಮನೆಯವರನ್ನ ಒಂದು ಸಂಜೆ ಸೇರಿಸಿ, ಎಲ್ರೂ ಎಲ್ರ ಕ್ಯೂಆರ್ ಸ್ಕ್ಯಾನ್ ಮಾಡ್ಲಿ, ಮೊಬೈಲ್ ಡೇಟಾ ಆರಿಸಿ ಒಂದು ಗಂಟೆ ಅದ್ರಲ್ಲೇ ಮಾತಾಡಿ ನೋಡಿ.

ಮನೆಗಳು ದೂರದೂರ ಇದ್ರೆ ಬರೀ ಫೋನಿಂದ ಆಗಲ್ಲ. ಆಗ ಲೋರಾ ಅನ್ನೋ ರೇಡಿಯೋ ಇದೆ, ಬಹಳ ನಿಧಾನ ಆದ್ರೆ ಬಹಳ ದೂರ, ಎದುರು ಅಡ್ಡ ಇಲ್ದೆ ಎತ್ತರದಲ್ಲಿಟ್ರೆ ಕಿಲೋಮೀಟರ್‌ಗಟ್ಟಲೆ. 2020ರಲ್ಲಿ ಶುರುವಾದ ಮೆಶ್‌ಟಾಸ್ಟಿಕ್ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿದ ಪುಟ್ಟ ಪೆಟ್ಟಿಗೆ ನಿಮ್ಮ ಫೋನಿನ ಜೊತೆ ಬ್ಲೂಟೂತಲ್ಲಿ ಮಾತಾಡುತ್ತೆ, ಪೆಟ್ಟಿಗೆಗಳು ತಮ್ಮೊಳಗೆ ಲೋರಾದಲ್ಲಿ. ಒಂದು ಮೆಸೇಜಿಗೆ 200 ಚಿಲ್ಲರೆ ಬೈಟು, ಕನ್ನಡದಲ್ಲಿ ಎಪ್ಪತ್ತು ಚಿಹ್ನೆಯ ಆಸುಪಾಸು, ಹೇಗಿದ್ದೀರ ಎಲ್ಲಿದ್ದೀರ ಏನು ಬೇಕು ಅನ್ನೋಕೆ ಸಾಕು. ಯಾವ ತರಂಗ ಬಳಸ್ಬೋದು ಅನ್ನೋದು ದೇಶದಿಂದ ದೇಶಕ್ಕೆ ಬೇರೆ, ಅಮೆರಿಕದ 915 ಮೆಗಾಹರ್ಟ್ಸಿನ ಪೆಟ್ಟಿಗೆ ಯುರೋಪಿನ 868ಕ್ಕೆ ಒಗ್ಗಲ್ಲ, ಆಯಾ ಕಡೆಯ ನಿಯಮ ನೋಡ್ಕೊಂಡು ಕೊಳ್ಳಿ. ಅದ್ರಲ್ಲಿ ಎಲ್ರಿಗೂ ಒಂದೇ ರೆಡಿಮೇಡ್ ಚಾನೆಲ್ ಇರುತ್ತೆ, ಅದರ ಕೀ ಲೋಕಕ್ಕೆಲ್ಲ ಗೊತ್ತು, ನಿಮ್ಮ ಗುಂಪಿಗೆ ಬೇರೆ ಚಾನೆಲ್ ಮಾಡಿ ಬೇರೆ ಕೀ ಹಾಕೋದು ಮರೀಬೇಡಿ.

ಪ್ರಶ್ನೆ: ನನ್ನ ಮಗ ರಾತ್ರಿಯೆಲ್ಲ ಕೂತು ಇಂಥದ್ದೊಂದು ಆಪ್ ಮಾಡ್ತಿದ್ದಾನೆ. ಯಾರಿಗೂ ಗೊತ್ತಾಗದ ಹಾಗೆ ಮಾತಾಡೋದು ಅಂದ್ರೆ ಕೆಟ್ಟ ಕೆಲಸ ಮಾಡೋರಿಗೆ ತಾನೇ ಬೇಕು? ಭಯ ಆಗುತ್ತಪ್ಪ.

ಉತ್ತರ: ನಿಮ್ಮ ಭಯ ಅರ್ಥ ಆಗುತ್ತೆ ಅಮ್ಮ. ಆದ್ರೆ ನೀವು ನಿಮ್ಮ ತಂಗಿ ಹತ್ರ ಮನೆಕಷ್ಟ ಹೇಳ್ಕೊಳ್ಳೋವಾಗ ಬಾಗಿಲು ಮುಂದೆ ಮಾಡ್ಕೊಳ್ಳಲ್ವಾ? ಡಾಕ್ಟ್ರ ಹತ್ರ ಹೇಳೋ ಮಾತು, ಗಂಡನ ಹೊಡೆತ ತಪ್ಪಿಸ್ಕೊಂಡು ಬಂದ ಹೆಣ್ಣುಮಗಳು ಎಲ್ಲಿದ್ದೀನಿ ಅಂತ ಅಣ್ಣನಿಗೆ ಕಳಿಸೋ ಮಾತು, ಇವೆಲ್ಲ ಬೇರೆ ಯಾರಿಗೂ ಕೇಳಿಸ್ಬಾರ್ದು. ಕೆಟ್ಟೋರೂ ಬಳಸ್ಬೋದು, ಸುಳ್ಳು ಹೇಳಲ್ಲ, ಅವ್ರಿಗೆ ಈಗಾಗಲೇ ಬೇರೆ ನೂರು ದಾರಿ ಇದೆ, ದಾರಿ ಇಲ್ದೆ ಇರೋದು ಮಿಕ್ಕಿದೋರಿಗೆ. ನಿಮ್ಮ ಮಗನ ಹತ್ರ ಒಂದು ಮಾತು ಕೇಳಿ, ಇದನ್ನ ಬಳಸೋರು ಯಾರು, ಅವ್ರಿಗೆ ಯಾರ ಭಯ ಇದೆ ಅಂತ. ಅವ್ನು ಅದಕ್ಕೆ ತಕ್ಷಣ ಉತ್ತರ ಕೊಟ್ರೆ ಒಳ್ಳೇ ಕೆಲಸನೇ ಮಾಡ್ತಿದ್ದಾನೆ. ಕೊಡದಿದ್ರೆ ಆ ಪ್ರಶ್ನೆಯಿಂದ ಅವ್ನ ಆಪೇ ಸುಧಾರಿಸುತ್ತೆ. ರಾತ್ರಿ ಬೇಗ ಮಲಗೋಕೂ ಹೇಳಿ.

ಪ್ರಶ್ನೆ: ನಮ್ಮ ಆಪು ನಾಲ್ಕು ಫೋನಲ್ಲಿ ಗಡಿಯಾರದ ಹಾಗೆ ಓಡ್ತಿತ್ತು. ಮೂವತ್ತು ಫೋನ್ ಸೇರಿಸಿದ್ವಿ, ಅರ್ಧಕ್ಕರ್ಧ ಮೆಸೇಜು ಬರ್ತಾನೇ ಇಲ್ಲ. ಫೋನು ಜಾಸ್ತಿ ಆದಷ್ಟೂ ಮೆಶ್ ಗಟ್ಟಿ ಆಗುತ್ತೆ ಅಂತ ತಾನೇ ಎಲ್ರೂ ಹೇಳೋದು?

ಉತ್ತರ: ಹಾಗಂತ ಹೇಳ್ತಾರೆ, ಪೂರ್ತಿ ನಿಜ ಅಲ್ಲ. ಒಂದು ಕೋಣೇಲಿ ಮೂವತ್ತು ಜನ ಇದ್ದು ಒಬ್ರು ಹೇಳಿದ್ದನ್ನ ಕೇಳಿದ ತಕ್ಷಣ ಮಿಕ್ಕ ಇಪ್ಪತ್ತೊಂಬತ್ತು ಜನನೂ ಒಟ್ಟಿಗೆ ಜೋರಾಗಿ ತಿರುಗಿ ಹೇಳಿದ್ರೆ ಏನಾಗುತ್ತೋ ಅದೇ ಆಗ್ತಿದೆ ನಿಮಗೆ. 1999ರಲ್ಲೇ ಇದಕ್ಕೆ ಬ್ರಾಡ್‌ಕಾಸ್ಟ್ ಸ್ಟಾರ್ಮ್ ಅಂತ ಹೆಸರಿಟ್ಟು ಬರೆದಿದ್ದಾರೆ. 2000ದಲ್ಲಿ ಗುಪ್ತಾ ಮತ್ತೆ ಕುಮಾರ್ ಅನ್ನೋರು ಗಣಿತದಲ್ಲೇ ತೋರಿಸಿದ್ರು, ಇಂಥ ನೆಟ್‌ವರ್ಕಲ್ಲಿ ಮಂದಿ ಹೆಚ್ಚಾದ ಹಾಗೆ ಒಬ್ಬೊಬ್ಬರ ಪಾಲಿಗೆ ಬರೋ ವೇಗ ಕುಗ್ಗುತ್ತಾ ಹೋಗುತ್ತೆ ಅಂತ, ಗಾಳಿ ಒಂದೇ, ಹಂಚ್ಕೊಳ್ಳೋರು ಜಾಸ್ತಿ.

ಹೀಗೆ ಮಾಡಿ. ಮೆಸೇಜು ಬಂದ ತಕ್ಷಣ ದಾಟಿಸ್ಬೇಡಿ, ಪ್ರತಿ ಫೋನೂ ತನಗೆ ತೋಚಿದಷ್ಟು ಹೊತ್ತು, ಅಂದ್ರೆ ಯಾದೃಚ್ಛಿಕವಾಗಿ ಕೆಲವು ನೂರು ಮಿಲಿಸೆಕೆಂಡ್ ಕಾಯ್ಲಿ, ಆ ಹೊತ್ತಲ್ಲಿ ಅದೇ ಮೆಸೇಜು ಇನ್ನಿಬ್ಬರ ಬಾಯಲ್ಲಿ ಕೇಳಿಸ್ತು ಅಂದ್ರೆ ತಾನು ಸುಮ್ಮನಿರ್ಲಿ. ನೋಡಿದ ಮೆಸೇಜಿನ ಗುರುತುಗಳ ಪಟ್ಟಿ ಇಟ್ಕೊಂಡಿದ್ದೀರ ಅಂತ ಅಂದ್ಕೊಂಡಿದ್ದೀನಿ, ಇಲ್ಲಾಂದ್ರೆ ಮೊದಲು ಅದು. ಎರಡು ಫೋನು ಭೇಟಿಯಾದಾಗ ಎಲ್ಲ ಸುರಿಯೋದ್ರ ಬದಲು ನನ್ನ ಹತ್ರ ಇವಿವೆ ಅಂತ ಬ್ಲೂಮ್ ಫಿಲ್ಟರಲ್ಲಿ ಒಂದು ಸಾರಾಂಶ ಕೊಟ್ಕೊಂಡು ಇಲ್ಲದ್ದನ್ನ ಮಾತ್ರ ಕೇಳ್ಲಿ. ಇನ್ನೊಂದು ಅನುಮಾನ ನನಗೆ, ನೀವು ಸಿಕ್ಕ ಫೋನಿಗೆಲ್ಲ ಕನೆಕ್ಟ್ ಮಾಡೋಕೆ ಹೋಗ್ತಿದ್ದೀರ. ಬಹಳಷ್ಟು ಆಂಡ್ರಾಯ್ಡ್ ಫೋನಲ್ಲಿ ಬಿಎಲ್‌ಇ ಕನೆಕ್ಷನ್ ಏಳರ ಆಸುಪಾಸಿಗೆ ನಿಂತು ಹೋಗುತ್ತೆ, ಎಂಟನೇದು ಸೋಲುತ್ತೆ, ಕೆಲವು ಫೋನು ಸೋತೆ ಅಂತಲೂ ಹೇಳಲ್ಲ. ಒಂದು ಹೊತ್ತಿಗೆ ನಾಲ್ಕು ಜನರ ಜೊತೆ ಮಾತ್ರ ಕೈ ಹಿಡ್ಕೊಳ್ಳಿ, ಕೆಲಸ ಮುಗಿದ ತಕ್ಷಣ ಬಿಟ್ಟು ಬೇರೆಯವರದು ಹಿಡೀರಿ.

ಜೊತೆಗೆ ಒಬ್ಬ ಪುಂಡ ಬಂದು ಸಾವಿರ ಸುಳ್ಳು ಮೆಸೇಜು ಸುರಿದ್ರೆ ಏನು ಮಾಡ್ತೀರ ಅನ್ನೋದನ್ನೂ ಈಗ್ಲೇ ಯೋಚಿಸಿ, ಗುರುತು ಹುಟ್ಟಿಸೋದು ಪುಕ್ಕಟೆ ಆಗಿರೋ ಕಡೆ ಅವ್ನೊಬ್ನೇ ನೂರು ಜನ ಆಗ್ಬಲ್ಲ. ಪರಿಚಯದೋರ ಮೆಸೇಜಿಗೆ ಹೆಚ್ಚು ಜಾಗ, ಪರಿಚಯ ಇಲ್ಲದೋರದ್ದಕ್ಕೆಲ್ಲ ಸೇರಿ ಒಂದು ಚಿಕ್ಕ ಮೂಲೆ, ಅದು ತುಂಬಿದ್ರೆ ಹಳೇದು ಹೊರಗೆ.

ಇಷ್ಟು ಮಾಡಿ ಮತ್ತೆ ಮೂವತ್ತು ಫೋನಲ್ಲಿ ನೋಡಿ, ಈ ಸಲ ಮೇಜಿನ ಮೇಲೆ ಸಾಲಾಗಿ ಜೋಡಿಸಿ ಅಲ್ಲ, ಮೂವತ್ತು ಜನರ ಜೇಬಲ್ಲಿಟ್ಟು, ಅವ್ರು ಮಹಡಿ ಹತ್ತಿ ಇಳಿದು ಓಡಾಡ್ತಿರೋವಾಗ. ಯಾವ ಮೆಸೇಜು ಎಷ್ಟು ಹೊತ್ತಿಗೆ ಮುಟ್ಟಿತು, ಯಾವುದು ಮುಟ್ಟಲೇ ಇಲ್ಲ ಅಂತ ಬರ್ಕೊಂಡು ಕಳಿಸಿ, ಮುಂದಿನ ಅಂಕಣದಲ್ಲಿ ಅದನ್ನೇ ಇಟ್ಕೊಂಡು ಮಾತಾಡೋಣ.